ವ್ಯಾಖ್ಯೆ ಕೊನೆಗೆ ಬರಲಿ: ಸಮಾಜ ವಿಜ್ಞಾನದ ಮುಖ್ಯ ಪರಿಕಲ್ಪನೆಗಳನ್ನು ಕಲಿಸುವ ಬಗೆ

(ಮಡಿಕೇರಿಯಲ್ಲಿ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಶಿಕ್ಷಕ ಬಂಧುಗಳೇ,

ಹತ್ತನೆಯ ತರಗತಿಯ ಯಾವುದೇ ವಿದ್ಯಾರ್ಥಿಯನ್ನು ಎಬ್ಬಿಸಿ ‘ಸಾರ್ವಭೌಮ ರಾಷ್ಟ್ರ ಎಂದರೇನು’ ಎಂದು ಕೇಳಿದರೆ, ಹೊರಗಿನ ಯಾವ ಶಕ್ತಿಯ ನಿಯಂತ್ರಣಕ್ಕೂ ಒಳಪಡದೆ ತನ್ನ ಒಳಗಿನ ಮತ್ತು ಹೊರಗಿನ ವ್ಯವಹಾರಗಳನ್ನು ತಾನೇ ನಿರ್ಧರಿಸಿಕೊಳ್ಳುವ ರಾಷ್ಟ್ರ ಎಂಬ ಉತ್ತರ ತಡೆಯಿಲ್ಲದೆ ಬರುತ್ತದೆ. ಅದೇ ವಿದ್ಯಾರ್ಥಿಗೆ, ‘1953ರಲ್ಲಿ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು, ತನ್ನದೇ ಮುಖ್ಯಮಂತ್ರಿ ಇದ್ದರು, ಹಾಗಾದರೆ ಆಗ ಕೊಡಗು ಸಾರ್ವಭೌಮವಾಗಿತ್ತೇ?’ ಎಂದು ಕೇಳಿ ನೋಡಿ. ಕೆಲವರು ಹೌದೆನ್ನುತ್ತಾರೆ, ಕೆಲವರು ಇಲ್ಲವೆನ್ನುತ್ತಾರೆ, ಹೆಚ್ಚಿನವರು ನಮ್ಮ ಮುಖ ನೋಡುತ್ತಾರೆ. ಉತ್ತರ ತಪ್ಪಿದ್ದಕ್ಕಿಂತಲೂ, ಬಾಯಿಪಾಠವಾಗಿರುವ ಆ ವಾಕ್ಯವನ್ನು ಈ ಪ್ರಶ್ನೆಯ ಮೇಲೆ ಇಟ್ಟು ನೋಡಬಹುದು ಎಂಬ ಯೋಚನೆಯೇ ಅವರಿಗೆ ಬಾರದಿರುವುದು ನಾವು ಗಮನಿಸಬೇಕಾದ ಸಂಗತಿ. ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಕೊರತೆಯ ಸುತ್ತಲೇ ಇದೆ.

ನಮ್ಮ ಪಾಠದಲ್ಲಿ ಬರುವ ಪದಗಳೆಲ್ಲ ಒಂದೇ ಜಾತಿಯವಲ್ಲ. ಗುಡ್ಡೆಮನೆ ಅಪ್ಪಯ್ಯ ಗೌಡ ಎಂಬುದು ಒಬ್ಬ ವ್ಯಕ್ತಿಯ ಹೆಸರು, ಅಮರ ಸುಳ್ಯ ದಂಗೆ ಎಂಬುದು 1837ರಲ್ಲಿ ನಡೆದ ಒಂದು ಘಟನೆಯ ಹೆಸರು. ಇವುಗಳನ್ನು ಹೇಳಬಹುದು, ಓದಿಸಬಹುದು, ನೆನಪಿನಲ್ಲಿ ಉಳಿಸಬಹುದು. ‘ದಂಗೆ’ ಎಂಬುದು ಹಾಗಲ್ಲ. ಅದು ಅಮರ ಸುಳ್ಯಕ್ಕೂ ಕಿತ್ತೂರಿಗೂ ಮೈಸೂರು ಸೀಮೆಯ ನಗರ ಎಂಬ ಊರಿನ ದಂಗೆಗೂ 1857ಕ್ಕೂ ಅನ್ವಯವಾಗುವ, ಮುಂದೆ ವಿದ್ಯಾರ್ಥಿ ಓದಲಿರುವ ಇನ್ನೂ ಹತ್ತು ಘಟನೆಗಳಿಗೆ ಅನ್ವಯವಾಗುವುದೋ ಇಲ್ಲವೋ ಎಂದು ಪರೀಕ್ಷಿಸಬೇಕಾದ ಪರಿಕಲ್ಪನೆ. ಹೆಸರು ಒಂದನ್ನು ತೋರಿಸುತ್ತದೆ, ಪರಿಕಲ್ಪನೆ ಅನೇಕವನ್ನು ಒಂದು ಗುಂಪಿಗೆ ಸೇರಿಸುತ್ತದೆ ಮತ್ತು ಉಳಿದವನ್ನು ಹೊರಗಿಡುತ್ತದೆ. ಹೊರಗಿಡುವ ಈ ಕೆಲಸವನ್ನು ನಾವು ತರಗತಿಯಲ್ಲಿ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ. ವ್ಯಕ್ತಿನಾಮವನ್ನು ಕಲಿಸುವ ರೀತಿಯಲ್ಲೇ ಪರಿಕಲ್ಪನೆಯನ್ನೂ ಕಲಿಸುತ್ತೇವೆ: ಕರಿಹಲಗೆಯ ಮೇಲೆ ಪದ, ಅದರ ಮುಂದೆ ಎರಡು ಚುಕ್ಕಿ, ಅದರ ಮುಂದೆ ವ್ಯಾಖ್ಯೆ.

ಇನ್ನೊಂದು ಬಗೆಯ ಪದಗಳೂ ಇವೆ, ಅವುಗಳ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ಕಡಿಮೆ. ಅಮೆರಿಕದ ಶಿಕ್ಷಣ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಅವರ ಸಂಗಡಿಗರು ಪದಸಂಪತ್ತನ್ನು ಮೂರು ಸ್ತರಗಳಾಗಿ ವಿಂಗಡಿಸಿದ್ದಾರೆ. ಮನೆ, ಮಳೆ, ಗದ್ದೆಯಂಥ ದಿನಬಳಕೆಯ ಪದಗಳು ಮೊದಲನೆಯ ಸ್ತರ. ಜಲಾನಯನ, ಸಂವಿಧಾನ, ತಲಾ ಆದಾಯದಂಥ ವಿಷಯಕ್ಕೆ ಸೇರಿದ ಪದಗಳು ಮೂರನೆಯದು. ಇವೆರಡರ ನಡುವೆ ಎಲ್ಲ ವಿಷಯಗಳ ಪುಸ್ತಕಗಳಲ್ಲೂ ಬರುವ, ಮನೆಮಾತಿನಲ್ಲಿ ಮಾತ್ರ ಅಷ್ಟಾಗಿ ಬಾರದ ಪದಗಳಿವೆ: ಪರಿಣಾಮ, ಪ್ರಭಾವ, ಅವಲಂಬನೆ, ಸಮರ್ಥಿಸು, ವಿಶ್ಲೇಷಿಸು. ಮೂರನೆಯ ಸ್ತರದ ಪದಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುವುದರಿಂದ ನಾವು ಅವುಗಳ ಅರ್ಥ ಹೇಳುತ್ತೇವೆ. ನಡುವಿನವು ಗೊತ್ತೇ ಇರುತ್ತವೆ ಎಂದು ಮುಂದೆ ಸಾಗುತ್ತೇವೆ. ಉತ್ತರ ಪತ್ರಿಕೆಗಳನ್ನು ತಿದ್ದಿದವರಿಗೆಲ್ಲ ಇದರ ಫಲ ಗೊತ್ತಿದೆ. ‘ಪರಿಣಾಮಗಳನ್ನು ವಿವರಿಸಿ’ ಎಂದು ಕೇಳಿದ ಪ್ರಶ್ನೆಗೆ ಕಾರಣಗಳ ಪಟ್ಟಿ ಬಂದಿರುತ್ತದೆ, ‘ಸಮರ್ಥಿಸಿ’ ಎಂದದ್ದಕ್ಕೆ ಪಾಠದ ಸಾರಾಂಶ ಬಂದಿರುತ್ತದೆ. ವಿದ್ಯಾರ್ಥಿ ಪಾಠ ಓದಿಲ್ಲವೆಂದು ಅಂಕ ಕಳೆಯುತ್ತೇವೆ. ಓದಿದ್ದಾನೆ, ಪ್ರಶ್ನೆಯಲ್ಲಿರುವ ಒಂದು ಪದ ಏನನ್ನು ಬೇಡುತ್ತಿದೆ ಎಂದು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಹಾಗಾದರೆ ಎಷ್ಟು ಪದಗಳನ್ನು ಕಲಿಸಬೇಕು? ಒಂದು ಅಧ್ಯಾಯದಲ್ಲಿ ಹೊಸ ಪದಗಳೆಂದು ಗುರುತು ಹಾಕಹೊರಟರೆ ಇಪ್ಪತ್ತಕ್ಕೆ ಕಡಿಮೆ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದು ಅಧ್ಯಾಯಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಪರಿಕಲ್ಪನೆಗಳು ಸಾಕು. ಉಳಿದವನ್ನು ಓದಿನ ಹಾದಿಯಲ್ಲಿ ಒಂದು ಮಾತಿನಲ್ಲಿ ಬಿಡಿಸಿ ಹೇಳಿ ಮುಂದೆ ಹೋಗಬಹುದು. ಆ ಮೂರನ್ನು ಆರಿಸುವಾಗ ದಪ್ಪ ಅಕ್ಷರವನ್ನು ನಂಬದೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಪದ ಮುಂದಿನ ಅಧ್ಯಾಯಗಳಲ್ಲಿ, ಮುಂದಿನ ತರಗತಿಯಲ್ಲಿ ಮತ್ತೆ ಬರುತ್ತದೆಯೇ? ಇದು ತಿಳಿದರೆ ಈ ಅಧ್ಯಾಯದ ಬೇರೆ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆಯೇ? ಬ್ರಿಟಿಷ್ ಆಳ್ವಿಕೆಯ ವಿಸ್ತರಣೆಯ ಪಾಠದಲ್ಲಿ ಸಹಾಯಕ ಸೈನ್ಯ ಪದ್ಧತಿ (ಅರಸ ತನ್ನ ಖರ್ಚಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಇಟ್ಟುಕೊಳ್ಳುವುದು), ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ (ಸ್ವಂತ ಮಗನಿಲ್ಲದೆ ಅರಸ ತೀರಿಕೊಂಡರೆ ದತ್ತುಪುತ್ರನನ್ನು ಒಪ್ಪದೆ ಕಂಪನಿ ಆ ರಾಜ್ಯವನ್ನು ಸೇರಿಸಿಕೊಳ್ಳುವುದು) ಎಂಬ ಎರಡು ದೊಡ್ಡ ಶೀರ್ಷಿಕೆಗಳಿವೆ. ಆದರೆ ಇವೆರಡಕ್ಕೂ ಮೂಲವಾಗಿರುವ ಪರಿಕಲ್ಪನೆ ‘ಸ್ವಾಧೀನ’, ಅಂದರೆ ಒಂದು ರಾಜ್ಯ ಇನ್ನೊಂದನ್ನು ತನ್ನ ಆಡಳಿತದೊಳಕ್ಕೆ ಶಾಶ್ವತವಾಗಿ ಸೇರಿಸಿಕೊಳ್ಳುವುದು. ಅದು ತಿಳಿಯದೆ ಮೇಲಿನೆರಡನ್ನು ಕಲಿತವರಿಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಈ ಉದಾಹರಣೆಯನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ, ಏಕೆಂದರೆ ಕೊಡಗಿನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ಒದಗಿಬರುವಂಥ ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಪರಿಕಲ್ಪನೆಗೆ ಸೇರುವ ಮತ್ತು ಸೇರದ ನಿದರ್ಶನಗಳನ್ನು ಒಂದಾದ ಮೇಲೊಂದು ಎದುರಿಸುತ್ತಾ ಹೋದಾಗ ಮನುಷ್ಯರು ಅದರ ಲಕ್ಷಣಗಳನ್ನು ಹೇಗೆ ಊಹಿಸಿ, ತಿದ್ದಿಕೊಂಡು, ಹಿಡಿಯುತ್ತಾರೆ ಎಂಬುದನ್ನು ಪರಿಶೀಲಿಸಿದ್ದರು. ಅದರಿಂದ ಬೆಳೆದ ತರಗತಿಯ ಕ್ರಮ ಸರಳವಾದದ್ದು. ಕರಿಹಲಗೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ‘ಹೌದು’, ಬಲಕ್ಕೆ ‘ಅಲ್ಲ’ ಎಂದು ಬರೆಯುವುದು. ಪರಿಕಲ್ಪನೆಯ ಹೆಸರನ್ನು ಹೇಳದೆಯೇ ನಿದರ್ಶನಗಳನ್ನು ಒಂದೊಂದಾಗಿ ಕೊಡುವುದು. ಎಡಗಡೆಯವಕ್ಕೆಲ್ಲ ಇದ್ದು ಬಲಗಡೆಯವಕ್ಕೆ ಇಲ್ಲದ ಲಕ್ಷಣ ಯಾವುದು ಎಂದು ವಿದ್ಯಾರ್ಥಿಗಳೇ ಹೇಳುವಂತೆ ಮಾಡುವುದು.

‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯನ್ನು ಹೀಗೆ ಕಲಿಸುವುದಾದರೆ ಎಡಕ್ಕೆ 1848ರ ಸತಾರ ಬರುತ್ತದೆ, 1854ರ ನಾಗಪುರ ಬರುತ್ತದೆ. ಬಲಕ್ಕೆ 1856ರ ಅವಧ್ ಬರುತ್ತದೆ; ಅಲ್ಲಿ ನವಾಬ ಜೀವಂತವಾಗಿದ್ದ, ಕಂಪನಿ ಮುಂದೊಡ್ಡಿದ ಕಾರಣ ದುರಾಡಳಿತ. ಮೈಸೂರು ಕೂಡ ಬಲಕ್ಕೇ ಬರುತ್ತದೆ. 1831ರಲ್ಲಿ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡರು, 1881ರಲ್ಲಿ ಹಿಂದಿರುಗಿಸಿದರು. ಅಲ್ಲಿ ಸ್ವಾಧೀನವೇ ನಡೆಯಲಿಲ್ಲ. ಇಷ್ಟಾದ ಮೇಲೆ ಕೊಡಗನ್ನು ಹಲಗೆಯ ಮುಂದೆ ನಿಲ್ಲಿಸಿ, ಯಾವ ಕಡೆಗೆ ಬರೆಯೋಣ ಎಂದು ಕೇಳಬೇಕು. ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿದಾಗ, ದತ್ತು ನೀತಿಯನ್ನು ಜಾರಿಗೆ ತಂದ ಡಾಲ್‌ಹೌಸಿ ಇನ್ನೂ ಗವರ್ನರ್ ಜನರಲ್ ಆಗಿರಲಿಲ್ಲ. ಆ ಸ್ಥಾನದಲ್ಲಿದ್ದವನು ಬೆಂಟಿಂಕ್. ದತ್ತು ಪ್ರಶ್ನೆಯೇ ಅಲ್ಲಿರಲಿಲ್ಲ. ಸೈನ್ಯ ನುಗ್ಗಿಸಿ, ದುರಾಡಳಿತದ ಆರೋಪ ಹೊರಿಸಿ, ಜನರ ಇಚ್ಛೆಯಂತೆ ಎಂದು ಘೋಷಿಸಿ ಕಂಪನಿ ಈ ನಾಡನ್ನು ಸೇರಿಸಿಕೊಂಡಿತು. ಸಹಾಯಕ ಸೈನ್ಯ ಪದ್ಧತಿಯ ಅಡಿಗೂ ಇದು ಬರುವುದಿಲ್ಲ. 1790ರಲ್ಲಿ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದ ಮೈತ್ರಿಯ ಒಪ್ಪಂದ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯನ್ನು ಹೈದರಾಬಾದ್ ಒಪ್ಪಿಕೊಂಡದ್ದು ಅದರ ಎಂಟು ವರ್ಷಗಳ ನಂತರ.

ಹೀಗೆ ಕೊಡಗು ಎರಡೂ ಶೀರ್ಷಿಕೆಗಳಿಂದ ಹೊರಗುಳಿದು, ‘ಸ್ವಾಧೀನ’ ಎಂಬುದರ ಒಳಗೆ ಮಾತ್ರ ನಿಲ್ಲುತ್ತದೆ. ಆಗ ಈ ಮೂರು ಪರಿಕಲ್ಪನೆಗಳ ನಡುವಿನ ಸಂಬಂಧ, ಯಾವುದು ದೊಡ್ಡದು, ಯಾವುದು ಅದರೊಳಗಿನದು ಎಂಬುದು, ನಾವು ಹೇಳುವ ಮೊದಲೇ ವಿದ್ಯಾರ್ಥಿಗಳಿಗೆ ಹೊಳೆಯುತ್ತದೆ. ಕೊನೆಗೆ ಕಿತ್ತೂರನ್ನು ಕೊಡಬೇಕು. 1824ರಲ್ಲಿ ಚೆನ್ನಮ್ಮ ದತ್ತು ತೆಗೆದುಕೊಂಡದ್ದನ್ನು ಕಂಪನಿಯ ಅಧಿಕಾರಿಗಳು ಒಪ್ಪಲಿಲ್ಲ. ಆದರೆ ಡಾಲ್‌ಹೌಸಿಯ ಕಾಲಕ್ಕೆ ಇನ್ನೂ 24 ವರ್ಷ ಬಾಕಿ ಇತ್ತು. ಇದನ್ನು ಎಡಕ್ಕೆ ಬರೆಯಬೇಕೋ ಬಲಕ್ಕೋ ಎಂಬ ಬಗ್ಗೆ ತರಗತಿ ಎರಡು ಪಂಗಡವಾದರೆ ನಾನು ಸಂತೋಷಪಡುತ್ತೇನೆ. ನೀತಿಯ ಹೆಸರು ಹುಟ್ಟುವ ಮೊದಲೇ ಆ ನಡೆ ಇತ್ತು ಎಂಬ ವಾದವೂ ಸರಿ, ಘೋಷಿತ ನೀತಿಯಾಗಿ ಎಲ್ಲ ಕಡೆಗೂ ಅನ್ವಯಿಸಿದ್ದು ಡಾಲ್‌ಹೌಸಿಯೇ ಎಂಬ ವಾದವೂ ಸರಿ. ಇಂಥ ಅಂಚಿನ ನಿದರ್ಶನದ ಮೇಲೆ ಕಾರಣ ಕೊಟ್ಟು ವಾದಿಸಬಲ್ಲ ವಿದ್ಯಾರ್ಥಿಗೆ ವ್ಯಾಖ್ಯೆಯನ್ನು ಬರೆಸಬೇಕಾದ ಅಗತ್ಯವೇ ಇರುವುದಿಲ್ಲ. ಅವನೇ ಬರೆಯುತ್ತಾನೆ, ನಾವು ಭಾಷೆಯನ್ನು ತಿದ್ದಿದರೆ ಸಾಕು.

ನಾನು ಒತ್ತಿ ಹೇಳಬಯಸುವುದು ಬಲಗಡೆಯ ಕಾಲಂನ ಬಗ್ಗೆ. ಉದಾಹರಣೆ ಕೊಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ, ಎಲ್ಲರೂ ಕೊಡುತ್ತೇವೆ. ಆದರೆ ಪ್ರಜಾಪ್ರಭುತ್ವಕ್ಕೆ ಭಾರತವನ್ನೂ, ಅದರ ಎದುರಿಗೆ ಯಾವುದೋ ಸರ್ವಾಧಿಕಾರವನ್ನೂ ಕೊಟ್ಟರೆ ವಿದ್ಯಾರ್ಥಿ ಏನನ್ನೂ ಯೋಚಿಸಬೇಕಾಗುವುದಿಲ್ಲ. ಅವೆರಡರ ದೂರ ಅಷ್ಟು ಹೆಚ್ಚು. ಹೆಚ್ಚು ಕಲಿಸುವುದು ಹತ್ತಿರದ, ಬಹುಪಾಲು ಲಕ್ಷಣಗಳು ಹೊಂದಿಕೊಂಡು ಒಂದೇ ಒಂದು ತಪ್ಪುವ ನಿದರ್ಶನ. ಸಾರ್ವಭೌಮತ್ವದ ಪಾಠಕ್ಕೆ ಅಂಥದ್ದು ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1834ರವರೆಗೆ ಅರಸರ ರಾಜ್ಯ. ಅನಂತರ ಮುಖ್ಯ ಆಯುಕ್ತರ ಆಡಳಿತದ ಪ್ರಾಂತ್ಯ. 1924ರಿಂದ ಸೀಮಿತ ಅಧಿಕಾರದ ವಿಧಾನ ಪರಿಷತ್ತು. ಸಂವಿಧಾನ ಜಾರಿಗೆ ಬಂದಮೇಲೆ ‘ಸಿ’ ದರ್ಜೆಯ ರಾಜ್ಯ. 1952ರಲ್ಲಿ 24 ಸ್ಥಾನಗಳ ವಿಧಾನಸಭೆ ಮತ್ತು ಸಿ.ಎಂ. ಪೂಣಚ್ಚನವರ ಸರ್ಕಾರ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನ, ಅಲ್ಲಿಂದೀಚೆಗೆ ಜಿಲ್ಲೆ. ನೆಲ ಅದೇ, ಬೆಟ್ಟ ಅದೇ, ಜನರೂ ಬಹುಮಟ್ಟಿಗೆ ಅವರೇ. ಬದಲಾದದ್ದು ಅಂತಿಮ ನಿರ್ಧಾರ ಯಾರ ಕೈಯಲ್ಲಿತ್ತು ಎಂಬುದು ಮಾತ್ರ.

ಆ ಒಂದನ್ನೇ ಪ್ರತಿ ಹಂತದಲ್ಲೂ ಕೇಳುತ್ತಾ ಹೋಗಿ: ಯುದ್ಧ ಸಾರುವ ಹಕ್ಕು ಯಾರಿಗಿತ್ತು, ಕಂದಾಯ ಯಾರು ಗೊತ್ತುಮಾಡುತ್ತಿದ್ದರು, ಮಾಡಿದ ಕಾನೂನನ್ನು ಯಾರು ರದ್ದು ಮಾಡಬಹುದಿತ್ತು? 1952ರ ಕೊಡಗಿನಲ್ಲಿ ಚುನಾಯಿತ ಸಭೆ ಇತ್ತು, ಮಂತ್ರಿಮಂಡಲ ಇತ್ತು. ಆದರೆ ಕೇಂದ್ರ ನೇಮಿಸಿದ ಮುಖ್ಯ ಆಯುಕ್ತರೂ ಇದ್ದರು, ಯಾವ ವಿಷಯದ ಮೇಲಾದರೂ ಸಂಸತ್ತು ಇಲ್ಲಿಗೆ ಕಾನೂನು ಮಾಡಬಹುದಿತ್ತು. ಇಂದಿನ ಕರ್ನಾಟಕಕ್ಕೆ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಿಂದ ಬರುವ ಅಧಿಕಾರದ ಕ್ಷೇತ್ರ ಆ ಕೊಡಗಿಗೆ ಅದೇ ಗಟ್ಟಿತನದಲ್ಲಿ ಇರಲಿಲ್ಲ. ಹೀಗೆ ನೋಡಿದಾಗ ಸಾರ್ವಭೌಮ ರಾಷ್ಟ್ರ, ಒಕ್ಕೂಟದ ರಾಜ್ಯ, ಕೇಂದ್ರದ ಆಡಳಿತಕ್ಕೆ ಒಳಪಟ್ಟ ಪ್ರದೇಶ, ಜಿಲ್ಲೆ ಎಂಬ ನಾಲ್ಕು ಪರಿಕಲ್ಪನೆಗಳು ಒಂದೇ ನೆಲದ ಮೇಲೆ, ಒಂದರ ಪಕ್ಕ ಒಂದು ಸ್ಪಷ್ಟವಾಗುತ್ತವೆ. ಇದನ್ನು ಮಾಡುವಾಗ ಒಂದು ಎಚ್ಚರಿಕೆ ಬೇಕು. ವಿಲೀನ ಸರಿಯಾಗಿತ್ತೇ ತಪ್ಪಾಗಿತ್ತೇ ಎಂಬ ಚರ್ಚೆ ಈ ಜಿಲ್ಲೆಯಲ್ಲಿ ಬೇಗ ಬಿಸಿಯೇರುತ್ತದೆ. ಅದು ಚರ್ಚಿಸಬಾರದ ವಿಷಯವೇನಲ್ಲ, ಆದರೆ ಆ ದಿನದ ಪಾಠ ಅದಲ್ಲ.

ಕಂದಾಯದ ವಿಷಯಕ್ಕೆ ಬಂದರೆ, ಪುಸ್ತಕದಲ್ಲಿ ಜಮೀನ್ದಾರಿ, ಮಹಲ್ವಾರಿ, ರೈತವಾರಿ ಎಂಬ ಮೂರು ಪದ್ಧತಿಗಳಿವೆ; ಸರ್ಕಾರಕ್ಕೆ ಕಂದಾಯ ಕಟ್ಟುವ ಹೊಣೆ ಕ್ರಮವಾಗಿ ಜಮೀನ್ದಾರನದು, ಇಡೀ ಹಳ್ಳಿಯದು, ರೈತನದು. ಮೂರನ್ನೂ ಪಕ್ಕಪಕ್ಕದಲ್ಲಿ ಕೋಷ್ಟಕವಾಗಿ ಬರೆಸುವುದು ನಮ್ಮ ವಾಡಿಕೆ. ಕೋಷ್ಟಕ ಮುಗಿದ ಮೇಲೆ ಕೊಡಗಿನ ಭೂ ಹಿಡುವಳಿಯಾದ ‘ಜಮ್ಮಾ’ ಇದರಲ್ಲಿ ಯಾವುದು ಎಂದು ಕೇಳಬಹುದು. ವಂಶಪಾರಂಪರ್ಯವಾಗಿ ಬಂದ, ಅರಸನಿಗೆ ಸೈನ್ಯದ ಸೇವೆ ಸಲ್ಲಿಸುವ ಹೊಣೆಯ ಜೊತೆಗೆ ರಿಯಾಯಿತಿ ಕಂದಾಯದಲ್ಲಿ ಅನುಭವಿಸುತ್ತಿದ್ದ, ಗದ್ದೆಯ ಜೊತೆಗೆ ಸೊಪ್ಪು ಸೌದೆ ಮೇವಿಗೆಂದು ಬಾಣೆಯನ್ನು ಸೇರಿಸಿಕೊಂಡ ಈ ಹಿಡುವಳಿ ಮೂರರಲ್ಲಿ ಯಾವುದಕ್ಕೂ ಸರಿಹೊಂದುವುದಿಲ್ಲ. ರೈತನೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾನೆ ಎಂಬಷ್ಟರಲ್ಲಿ ರೈತವಾರಿಯನ್ನು ಹೋಲುತ್ತದೆ. ಸೇವೆಯ ಹೊಣೆ, ಒಕ್ಕದ (ಕೊಡವ ವಂಶದ) ಒಡೆತನ, ಪರಭಾರೆಯ ಮೇಲಿನ ನಿರ್ಬಂಧ ಇವುಗಳಲ್ಲಿ ಬೇರೆಯಾಗುತ್ತದೆ. ಈ ವ್ಯತ್ಯಾಸವನ್ನು ಹುಡುಕುವ ಕೆಲಸದಲ್ಲೇ ‘ಒಡೆತನ’ ಎಂದು ನಾವು ಒಂದೇ ಪದದಲ್ಲಿ ಹೇಳುವುದರೊಳಗೆ ಅನುಭವಿಸುವ, ಮಾರುವ, ಮರ ಕಡಿಯುವ, ಮಕ್ಕಳಿಗೆ ಬಿಟ್ಟುಹೋಗುವ ಬೇರೆಬೇರೆ ಹಕ್ಕುಗಳಿವೆ ಎಂಬುದು ತಿಳಿದುಬರುತ್ತದೆ. ಪಹಣಿಯ ಗೋಜಲನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದ ಮಕ್ಕಳಿಗೆ ಇದು ಹೊಸ ಲೋಕವೇನಲ್ಲ. ಅಮರ ಸುಳ್ಯದ ಪಾಠಕ್ಕೂ ಇದೇ ದಾರಿ. ಸುಳ್ಯದ ಭಾಗಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾಕ್ಕೆ ಸೇರಿಸಿದ ಮೇಲೆ, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಯಿತು. ಮೊತ್ತ ಅಷ್ಟೇ ಎಂದುಕೊಂಡರೂ ನಗದು ಬೇಕಾದವನು ಕಟಾವಾದೊಡನೆ, ಬೆಲೆ ಬಿದ್ದಿರುವಾಗಲೇ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ‘ನಗದು ಕಂದಾಯ’ ಎಂಬ ಎರಡು ಪದಗಳ ಹಿಂದಿನ ಈ ಸರಣಿ ತಿಳಿದವರಿಗೆ ದಂಗೆಯ ಕಾರಣವನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಇದುವರೆಗಿನ ಕ್ರಮದಲ್ಲಿ ನಿದರ್ಶನಗಳನ್ನು ಆರಿಸಿದವರು ಶಿಕ್ಷಕರು. ಇದಕ್ಕೆ ತಿರುವುಮುರುವಾದ ಇನ್ನೊಂದು ಕ್ರಮವನ್ನು ಎಸ್ತೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಮಾಜ ವಿಜ್ಞಾನದ ಪಠ್ಯಕ್ರಮವನ್ನು ರೂಪಿಸಿದ ಹಿಲ್ಡಾ ತಾಬಾ ಕೊಟ್ಟಿದ್ದಾರೆ. ವಿದ್ಯಾರ್ಥಿಗಳು ಮೊದಲು ಪಟ್ಟಿ ಮಾಡಬೇಕು, ಅನಂತರ ಗುಂಪು ಮಾಡಬೇಕು, ಕೊನೆಗೆ ಆ ಗುಂಪಿಗೆ ಹೆಸರಿಡಬೇಕು. ಅರ್ಥಶಾಸ್ತ್ರದ ಪಾಠಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಗಿಡದಲ್ಲಿರುವ ಕಾಫಿ ಹಣ್ಣು ಬೆಂಗಳೂರಿನ ಹೋಟೆಲಿನ ಲೋಟವನ್ನು ತಲುಪುವವರೆಗೆ ಯಾರ ಯಾರ ಕೈ ದಾಟುತ್ತದೆ ಎಂದು ಕೇಳಿದರೆ ಈ ಜಿಲ್ಲೆಯ ತರಗತಿಯಲ್ಲಿ ಕರಿಹಲಗೆ ತುಂಬಿಹೋಗುತ್ತದೆ: ಬೆಳೆಗಾರ, ಕೊಯ್ಯುವವರು, ತೋಟದ ಲೆಕ್ಕ ಬರೆಯುವ ರೈಟರ್, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಡೆಸುವವನು, ಕಣದಲ್ಲಿ ಒಣಗಿಸುವವರು, ಚೆರಿ ಕೊಳ್ಳುವ ವ್ಯಾಪಾರಿ, ಲಾರಿಯ ಚಾಲಕ, ಕ್ಯೂರಿಂಗ್ ವರ್ಕ್ಸ್‌ನ ಕೆಲಸಗಾರರು, ಸಾಲ ಕೊಟ್ಟ ಬ್ಯಾಂಕಿನವರು, ರಫ್ತುದಾರ, ಹುರಿದು ಪುಡಿ ಮಾಡುವವನು, ಹೋಟೆಲಿನ ಮಾಣಿ. ಇವರನ್ನು ಮೂರು ಗುಂಪು ಮಾಡಿ ಎಂದಷ್ಟೇ ಹೇಳಬೇಕು, ಯಾವ ಆಧಾರದ ಮೇಲೆ ಎಂದು ಹೇಳಬಾರದು. ಮೊದಲ ಸಲ ಸಂಬಳದವರು, ಲಾಭದವರು ಎಂದೋ ತೋಟದೊಳಗಿನವರು, ಹೊರಗಿನವರು ಎಂದೋ ಗುಂಪುಗಳು ಬರಬಹುದು. ಅವೂ ತಪ್ಪಲ್ಲ, ಬೇರೆ ಪರಿಕಲ್ಪನೆಗಳಿಗೆ ದಾರಿ. ನೆಲದಿಂದ ತೆಗೆಯುವುದು, ರೂಪ ಬದಲಾಯಿಸುವುದು, ಸೇವೆ ಒದಗಿಸುವುದು ಎಂಬ ವಿಂಗಡಣೆ ಮೂಡಿದ ಮೇಲೆ ಪ್ರಾಥಮಿಕ, ದ್ವಿತೀಯ, ತೃತೀಯ ವಲಯ ಎಂಬ ಹೆಸರುಗಳನ್ನು ಕೊಡಬೇಕು. ತೋಟದಲ್ಲೇ ನಡೆಯುವ ಪಲ್ಪಿಂಗ್ ಪ್ರಾಥಮಿಕವೋ ದ್ವಿತೀಯವೋ ಎಂಬ ಜಗಳ ಖಂಡಿತ ಬರುತ್ತದೆ. ಬರಲಿ. ಪುಸ್ತಕದಲ್ಲಿ ಗೆರೆ ಎಳೆದಂತಿರುವ ವಲಯಗಳು ಹೊರಗೆ ಹಾಗಿಲ್ಲ ಎಂಬುದೂ ಅರ್ಥಶಾಸ್ತ್ರದ ಪಾಠವೇ.

ಕೊಯ್ಲು ಮುಗಿದ ಮೇಲೆ ಕೆಲಸವಿಲ್ಲದೆ ಹಿಂದಿರುಗುವ ಕಾರ್ಮಿಕನ ಸ್ಥಿತಿ ಋತುಮಾನದ ನಿರುದ್ಯೋಗ, ಇಬ್ಬರಿಗೆ ಸಾಕಾಗುವ ಗದ್ದೆಯಲ್ಲಿ ಐವರು ದುಡಿಯುವುದು ಮರೆಮಾಚಿದ ನಿರುದ್ಯೋಗ ಎಂಬುದನ್ನು ಕೂಡ ಇದೇ ರೀತಿ ತೋರಿಸಬಹುದು. ಭೂಗೋಳದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ನಕ್ಷೆ ಮತ್ತು ಕಿಟಕಿ ಎರಡೂ ನಮ್ಮ ಕಡೆಗಿವೆ. ತಲಕಾವೇರಿಯ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನೂ, ಇದೇ ಬೆಟ್ಟಸಾಲಿನ ಪಯಸ್ವಿನಿಯ ನೀರು ಸುಳ್ಯದ ಮೂಲಕ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನೂ ಸೇರುತ್ತದೆ. ಇವೆರಡರ ನಡುವೆ ಗೆರೆ ಎಳೆಯಲು ಹೇಳಿದರೆ ಜಲವಿಭಾಜಕ ಎಂದರೇನೆಂದು ಬರೆಸಬೇಕಾಗಿಲ್ಲ. ಭಾಗಮಂಡಲದ ಮಳೆಯನ್ನೂ ಕುಶಾಲನಗರದ ಮಳೆಯನ್ನೂ ಹೋಲಿಸಿದರೆ ಮಳೆಯ ನೆರಳಿನ ಪ್ರದೇಶದ ಅರ್ಧ ಪಾಠ ಮುಗಿದಂತೆ.

ಸ್ಥಳೀಯ ನಿದರ್ಶನಗಳನ್ನು ಹೀಗೆ ಹೊಗಳುತ್ತಿರುವಾಗ ಒಂದು ತೊಡಕನ್ನೂ ಹೇಳಲೇಬೇಕು. ಸ್ಥಳೀಯ ಎಂದರೆ ಯಾರಿಗೆ ಸ್ಥಳೀಯ? ಸಮಾಜಶಾಸ್ತ್ರದ ಪಾಠದಲ್ಲಿ ಅವಿಭಕ್ತ ಕುಟುಂಬ ಬಂದಾಗ ನಾವು ತಕ್ಷಣ ‘ಒಕ್ಕ’ವನ್ನು ಉದಾಹರಣೆಯಾಗಿ ಕೊಡುತ್ತೇವೆ. ಮೊದಲನೆಯದಾಗಿ ಅದು ನಿಖರವಲ್ಲ. ಪುಸ್ತಕದ ಅವಿಭಕ್ತ ಕುಟುಂಬಕ್ಕೆ ಒಂದೇ ಸೂರು, ಒಂದೇ ಅಡುಗೆಮನೆ, ಒಟ್ಟಾದ ಆಸ್ತಿ ಎಂಬ ಲಕ್ಷಣಗಳಿವೆ. ಇಂದಿನ ಒಕ್ಕದ ಸದಸ್ಯರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬೇರೆಬೇರೆ ಮನೆ ಮಾಡಿಕೊಂಡಿದ್ದು, ಕೈಲ್‌ಪೊಳ್ದ್ ಹಬ್ಬಕ್ಕೋ ಪುತ್ತರಿ ಹಬ್ಬಕ್ಕೋ ವಂಶದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ಒಂದೇ ಮೂಲಪುರುಷನಿಂದ ಬಂದವರು, ಪಟ್ಟೆದಾರನೊಬ್ಬನನ್ನು ಹಿರಿಯನೆಂದು ಒಪ್ಪಿದವರು ಎಂಬ ಅರ್ಥದಲ್ಲಿ ಅದು ವಂಶ. ಕುಟುಂಬ ಅದರೊಳಗಿನ ಚಿಕ್ಕ ಘಟಕ. ಹಾಗಾಗಿ ಒಕ್ಕವನ್ನು ನೇರ ಉದಾಹರಣೆಯಾಗಿ ಕೊಡುವುದಕ್ಕಿಂತ, ಹತ್ತಿರದಲ್ಲಿದ್ದೂ ಸ್ವಲ್ಪ ಬೇರೆಯಾದ ನಿದರ್ಶನವಾಗಿ ಬಲಗಡೆಯ ಕಾಲಂನ ಬಳಿ ಇಟ್ಟು ಚರ್ಚಿಸುವುದು ಹೆಚ್ಚು ಫಲ ಕೊಡುತ್ತದೆ.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ನಮ್ಮ ತರಗತಿಗಳಲ್ಲಿ ಕೊಡವ ಮಕ್ಕಳ ಪಕ್ಕದಲ್ಲಿ ಅರೆಭಾಷೆಯ ಮಕ್ಕಳು, ಮಲೆಯಾಳ ಮತ್ತು ತುಳು ಮಾತಾಡುವವರು, ಯರವ ಮತ್ತು ಜೇನುಕುರುಬ ಹಾಡಿಗಳಿಂದ ಬರುವವರು, ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ ವಾಸಿಸುವ ತಮಿಳು, ಬಂಗಾಳಿ, ಅಸ್ಸಾಮಿ ಮಾತಿನ ಮಕ್ಕಳು ಕುಳಿತಿದ್ದಾರೆ. ಐನ್‌ಮನೆಯ ಉದಾಹರಣೆ ಇವರಲ್ಲಿ ಅನೇಕರಿಗೆ ಲಕ್ನೋದ ನವಾಬನ ಅರಮನೆಯಷ್ಟೇ ದೂರದ್ದು. ಒಂದು ಪರಿಕಲ್ಪನೆಗೆ ಒಂದೇ ಸಮುದಾಯದ ನಿದರ್ಶನವನ್ನು ಕೊಟ್ಟರೆ, ಆ ಸಮುದಾಯದ ವಿಶೇಷವನ್ನೇ ಪರಿಕಲ್ಪನೆಯ ಲಕ್ಷಣವೆಂದು ಮಕ್ಕಳು ತಿಳಿಯುವ ಅಪಾಯವೂ ಇದೆ. ಕನಿಷ್ಠ ಮೂರು ಕಡೆಯಿಂದ ನಿದರ್ಶನಗಳು ಬರಬೇಕು, ಅವುಗಳಲ್ಲಿ ಒಂದಾದರೂ ಜಿಲ್ಲೆಯ ಹೊರಗಿನದಾಗಿರಬೇಕು.

ಇನ್ನು ಕೆಲವು ಪರಿಕಲ್ಪನೆಗಳ ನಿದರ್ಶನವೇ ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತಿರುತ್ತದೆ. ಜೀತ, ವಲಸೆ, ಬುಡಕಟ್ಟು, ಬಡತನ ರೇಖೆ, ಅಸ್ಪೃಶ್ಯತೆ ಇಂಥವು. ಇವುಗಳನ್ನು ಕಲಿಸುವಾಗ ‘ನಮ್ಮ ತರಗತಿಯ ಇವನನ್ನೇ ನೋಡಿ’ ಎಂದು ಬೆರಳು ತೋರಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ, ಪ್ರೀತಿಯಿಂದ ಮಾಡಿದರೂ ಒಪ್ಪುವುದಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ ಇವೆಲ್ಲ ಮುದ್ರಿತ ದಾಖಲೆಗಳು. ಸಾಲದ ಹೆಸರಿನಲ್ಲಿ ಕೂಲಿಯನ್ನು ಹಿಡಿದಿಡುವುದು, ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದಿರುವುದು ಎಂಬ ಲಕ್ಷಣಗಳನ್ನು ಹೆಸರಿಲ್ಲದ ಕಲ್ಪಿತ ಸನ್ನಿವೇಶಗಳ ಮೇಲೆ ಪರೀಕ್ಷಿಸಬಹುದು: ಮುಂಗಡ ಪಡೆದು ಕೆಲಸಕ್ಕೆ ಬಂದವನು ಜೀತದಾಳೇ? ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗಬಾರದೆಂದರೆ? ಇವೆರಡರ ನಡುವಿನ ಗೆರೆಯನ್ನು ಗುರುತಿಸಲು ಕಲಿತ ಮಗು ತನ್ನ ಮನೆಯ ವಿಷಯವನ್ನು ತಾನೇ, ತನ್ನ ಮನಸ್ಸಿನಲ್ಲಿ ಯೋಚಿಸಿಕೊಳ್ಳುತ್ತದೆ; ಅದನ್ನು ನಾವು ಬಾಯಿಬಿಡಿಸಬೇಕಾಗಿಲ್ಲ. ಗುಂಪು ಚರ್ಚೆಯಲ್ಲಿ ಮಕ್ಕಳು ತಮ್ಮ ಮನೆಮಾತಿನಲ್ಲಿ ಮಾತಾಡಿಕೊಂಡರೆ ತಡೆಯಬಾರದು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ. ಯೋಚನೆ ಕೊಡವ ತಕ್ಕಿನಲ್ಲೋ ಯರವ ಮಾತಿನಲ್ಲೋ ನಡೆದು, ಬರವಣಿಗೆ ಕನ್ನಡದಲ್ಲಿ ಬಂದರೆ ಕನ್ನಡಕ್ಕೆ ನಷ್ಟವಿಲ್ಲ.

ಎಲ್ಲ ಪರಿಕಲ್ಪನೆಗಳಿಗೂ ಖಚಿತವಾದ ಅಂಚುಗಳಿವೆ ಎಂಬ ಭಾವನೆಯನ್ನೂ ಬಿತ್ತಬಾರದು. ನೈಸರ್ಗಿಕ ವಿಕೋಪ, ಮಾನವ ನಿರ್ಮಿತ ವಿಕೋಪ ಎಂದು ಪುಸ್ತಕ ಎರಡು ಮಾಡುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆಗಳಲ್ಲಿ ಬೆಟ್ಟ ಕುಸಿದಾಗ ಅಸಾಧಾರಣ ಮಳೆ ಒಂದು ಕಾರಣ. ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದರ ಬಗ್ಗೆಯೂ ಮಾತು ಬಂತು. ಇದನ್ನು ಯಾವ ಕಾಲಂನಲ್ಲಿ ಬರೆಯಬೇಕು? ಅಭಿವೃದ್ಧಿ, ನ್ಯಾಯ, ಜಾತ್ಯತೀತತೆ ಇವೂ ಅಂಥವೇ. ಬಲ್ಲವರೇ ಒಪ್ಪದ ಪರಿಕಲ್ಪನೆಗೆ ನಾವು ಒಂದೇ ವಾಕ್ಯದ ವ್ಯಾಖ್ಯೆ ಬರೆಸಿದರೆ ಮಗುವಿಗೆ ಸುಳ್ಳು ಹೇಳಿದಂತೆ. ಇಂಥ ಕಡೆ ಎರಡು ವ್ಯಾಖ್ಯೆಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟು, ಯಾರು ಯಾವುದನ್ನು ಏಕೆ ಹಿಡಿಯುತ್ತಾರೆ ಎಂದು ಕೇಳುವುದೇ ಪ್ರಾಮಾಣಿಕ. ಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ತರಗತಿಯಲ್ಲಿರಬಹುದು ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ತರಬೇತಿಗಳಲ್ಲಿ ನಮಗೆಲ್ಲ ಪರಿಚಯವಾಗಿರುವ ನಾಲ್ಕು ಚೌಕದ ನಕ್ಷೆಯೊಂದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊರೊಥಿ ಫ್ರೇಯರ್ ಮತ್ತು ಸಂಗಡಿಗರು 1969ರಲ್ಲಿ ರೂಪಿಸಿದ ಮಾದರಿ ಅದು. ವ್ಯಾಖ್ಯೆ, ಲಕ್ಷಣ, ಉದಾಹರಣೆ, ಉದಾಹರಣೆಯಲ್ಲದ್ದು ಎಂದು ನಾಲ್ಕು ಮನೆಗಳು. ನಕ್ಷೆ ಒಳ್ಳೆಯದೇ. ಆದರೆ ನಾವು ಅದನ್ನು ಮೇಲಿನಿಂದ ತುಂಬಿಸುತ್ತೇವೆ: ವ್ಯಾಖ್ಯೆ ಗೈಡಿನಿಂದ, ಲಕ್ಷಣ ವ್ಯಾಖ್ಯೆಯಿಂದ, ಉದಾಹರಣೆ ಪುಸ್ತಕದಿಂದ, ನಾಲ್ಕನೆಯ ಮನೆ ಖಾಲಿ. ಕೆಳಗಿನೆರಡು ಮನೆಗಳನ್ನು ಮೊದಲು ತುಂಬಿಸಿ, ಆಮೇಲೆ ಲಕ್ಷಣ, ಎಲ್ಲಕ್ಕಿಂತ ಕೊನೆಗೆ ವ್ಯಾಖ್ಯೆ ಎಂಬ ಕ್ರಮವನ್ನು ಪಾಲಿಸಿದರೆ ಅದೇ ಹಾಳೆ ಬೇರೆ ಕೆಲಸ ಮಾಡುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ, ಪಠ್ಯ ಮುಗಿಸಬೇಡವೇ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಕೊಡಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದು. ಒಂದು ಪರಿಕಲ್ಪನೆಗೆ ಒಂದು ಇಡೀ ಅವಧಿ ಬೇಕಾಗುತ್ತದೆ ಎಂಬುದು ನಿಜ. ಆದ್ದರಿಂದಲೇ ಮೂರೇ ಪರಿಕಲ್ಪನೆ ಎಂದೆ. ಎಂಟನೆಯ ತರಗತಿಯಲ್ಲಿ ಚೆನ್ನಾಗಿ ಕಲಿತ ಸಾರ್ವಭೌಮತ್ವ ಒಂಬತ್ತರಲ್ಲೂ ಹತ್ತರಲ್ಲೂ ಮತ್ತೆ ಬರುವಾಗ ಅಲ್ಲಿ ಉಳಿಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಶಾಲೆಯ ಶಿಕ್ಷಕರೋ ಒಂದು ಕ್ಲಸ್ಟರಿನವರೋ ಕುಳಿತು, ಮೂರು ತರಗತಿಗಳ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಮತ್ತೆ ಮತ್ತೆ ಬರುವ ಪರಿಕಲ್ಪನೆಗಳನ್ನು ಪಟ್ಟಿ ಮಾಡಿ, ಯಾವುದನ್ನು ಯಾವ ತರಗತಿಯಲ್ಲಿ ವಿವರವಾಗಿ ಕಲಿಸುವುದೆಂದು ಹಂಚಿಕೊಂಡರೆ ಹೊರೆ ಇನ್ನೂ ಇಳಿಯುತ್ತದೆ. ಕಿರು ಪರೀಕ್ಷೆಗಳಲ್ಲಿ ‘ಎಂದರೇನು’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಇದು ಅದಕ್ಕೆ ಸೇರುತ್ತದೆಯೇ, ಏಕೆ’ ಎಂಬ ಒಂದು ಪ್ರಶ್ನೆಯನ್ನಾದರೂ ಇಡುವುದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಯಾರ ಸುತ್ತೋಲೆಯೂ ಬೇಕಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಮಕ್ಕಳು ತಾವಾಗಿ ತಪ್ಪು ಉದಾಹರಣೆ ಕೊಟ್ಟಾಗ ತಕ್ಷಣ ತಿದ್ದಬೇಕೇ, ಇಲ್ಲವೇ ಉತ್ಸಾಹ ಕುಂದದಂತೆ ಬಿಡಬೇಕೇ ಎಂದು ಅವರು ಕೇಳಿದರು. ಎರಡೂ ಬೇಡ ಎಂದು ನಾನು ಹೇಳಿದೆ. ಸ್ವಾಧೀನಕ್ಕೆ ಉದಾಹರಣೆ ಕೊಡಿ ಎಂದಾಗ ‘ನಮ್ಮ ಪಕ್ಕದ ತೋಟವನ್ನು ದೊಡ್ಡ ಎಸ್ಟೇಟಿನವರು ಕೊಂಡುಕೊಂಡರು’ ಎಂದು ಒಬ್ಬ ಹುಡುಗ ಹೇಳಿದನೆಂದುಕೊಳ್ಳೋಣ. ಆ ತೋಟದ ಒಡೆಯ ಬದಲಾದ, ಬೇಲಿ ಬದಲಾಯಿತು, ಹೆಸರೂ ಬದಲಾಗಿರಬಹುದು. ಆದರೆ ಅಲ್ಲಿ ನಡೆಯುವ ಕಾನೂನು ಬದಲಾಯಿತೇ, ಕಂದಾಯ ಬೇರೆ ಸರ್ಕಾರಕ್ಕೆ ಹೋಗತೊಡಗಿತೇ, ಕಳ್ಳತನವಾದರೆ ಹೋಗಬೇಕಾದ ಪೊಲೀಸ್ ಠಾಣೆ ಬೇರೆಯಾಯಿತೇ ಎಂದು ಅವನನ್ನೇ ಕೇಳಬೇಕು. ಇಲ್ಲ ಎಂಬ ಉತ್ತರ ಅವನಿಂದಲೇ ಬಂದ ಮೇಲೆ, ಆ ಉದಾಹರಣೆಯನ್ನು ಅಳಿಸದೆ, ಅವನ ಹೆಸರಿನ ಸಮೇತ ಬಲಗಡೆಯ ಕಾಲಂನಲ್ಲಿ ಬರೆಯಬೇಕು.